ಹೆಣ್ಣು ಮೊಲವು ಗಂಡನ್ನು ಸೇರದಿದ್ದರೆ ಮಾಡತಕ್ಕದ್ದೇನು?

ನೀತಿವಂತನಾದವನು ತನ್ನ ಪಶುಗಳ ಕ್ಷೇಮವನ್ನೂ ವಿಚಾರಿಸುವನೆಂದು ಸೊಲೊಮೋನನು ಬೋಧಿಸಿದನು. ಈ ಮಾತು ಎತ್ತು ಹಸುಗಳಿಗೆ ಮಾತ್ರವಲ್ಲ, ಹಿತ್ತಲಿನ ಗೂಡಿನಲ್ಲಿರುವ ಮೊಲಕ್ಕೂ ಸಲ್ಲುತ್ತದೆ. ಹೊಲವಿಲ್ಲದ ಕುಟುಂಬವೊಂದು ಸಾಲ ಮಾಡಿ ಒಂದು ಗಂಡನ್ನೂ ಎರಡು ಮೂರು ಹೆಣ್ಣುಗಳನ್ನೂ ತರುವುದುಂಟು. ತಿಂಗಳುಗಳು ಕಳೆದರೂ ಹೆಣ್ಣು ಗಂಡನ್ನು ಸೇರದಿದ್ದರೆ, "ಇದು ಬಂಜೆ" ಎಂದು ಅರ್ಧ ಬೆಲೆಗೆ ಮಾರಿಬಿಡುವರು. ಸಾಲ ಮಾತ್ರ ಉಳಿಯುವುದು. ಆದರೆ ಹೆಚ್ಚಾಗಿ ಅದು ಬಂಜೆಯಲ್ಲ. ಕಾರಣವನ್ನು ಯಾರೂ ವಿಚಾರಿಸಿರುವುದಿಲ್ಲ. ಆದಕಾರಣ ಈ ಪಾಠದಲ್ಲಿ ನಾವು ಆ ಕಾರಣಗಳನ್ನು ಕ್ರಮವಾಗಿ ನೋಡೋಣ.

1. ಮೊಲದ ಸ್ವಭಾವ. ಹಸುವಿಗಿರುವಂತೆ ಮೊಲಕ್ಕೆ ದಿನದ ಲೆಕ್ಕದ ಬೆದೆ ಇಲ್ಲ. ಗಂಡು ಸೇರಿದ ಮೇಲೆಯೇ, ಸುಮಾರು 10ರಿಂದ 12 ಗಂಟೆಗಳಲ್ಲಿ, ಹೆಣ್ಣಿನ ಅಂಡಗಳು ಬಿಡುಗಡೆಯಾಗುತ್ತವೆ. ಆದಾಗ್ಯೂ ಅದು ಎಲ್ಲಾ ದಿನಗಳಲ್ಲಿಯೂ ಒಪ್ಪುವುದಿಲ್ಲ. ಅದರ ಗುಹ್ಯಸ್ಥಾನವು ಬಿಳಿಚಿ ಒಣಗಿದ್ದರೆ ಕಾಲ ಬಂದಿಲ್ಲ. ಕೆಂಪಾಗಿ ಉಬ್ಬಿ ತೇವವಾಗಿದ್ದರೆ ತಕ್ಕ ಸಮಯ. ನೀಲಿಗಟ್ಟಿದ್ದರೆ ಸಮಯವು ಮೀರುತ್ತಲಿದೆ.

2. ಪ್ರಾಯವೂ ದೇಹವೂ. ನ್ಯೂಜಿಲೆಂಡ್ ವೈಟ್ ಮುಂತಾದ ಮಧ್ಯಮ ಜಾತಿಯ ಹೆಣ್ಣನ್ನು 5-6 ತಿಂಗಳಿಗೆ ಮುಂಚೆ ಕೂಡಿಸಬಾರದು. ದೊಡ್ಡ ಜಾತಿಗಳಿಗೆ ಇನ್ನೂ ಹೆಚ್ಚು ಕಾಲ ಬೇಕು. ಕೊಬ್ಬಿದ ಹೆಣ್ಣು ಒಪ್ಪುವುದು ಕಡಿಮೆ. ಪ್ರೀತಿಯಿಂದ ಕಾಳನ್ನು ಅತಿಯಾಗಿ ತಿನ್ನಿಸುವುದೇ ಅನೇಕರು ಮಾಡುವ ಕೆಡುಕು. ಅಂಥದಕ್ಕೆ ಕಾಳನ್ನು ಮೆಲ್ಲನೆ ತಗ್ಗಿಸಿ ಹುಲ್ಲನ್ನೂ ಸೊಪ್ಪನ್ನೂ ಹೆಚ್ಚಿಸತಕ್ಕದ್ದು. ರೇಷ್ಮೆಯ ಸೀಮೆಯಾದ ಶಿಡ್ಲಘಟ್ಟ, ಚಿಂತಾಮಣಿಗಳ ಕಡೆ ದೊರೆಯುವ ಹಿಪ್ಪುನೇರಳೆ ಸೊಪ್ಪು ಮೊಲಕ್ಕೆ ಒಳ್ಳೆಯ ಮೇವು. ಆದರೆ ಔಷಧಿ ಹೊಡೆದ ಸೊಪ್ಪನ್ನು ಹಾಕಲೇಬಾರದು. ಬಡಕಲಾದದ್ದು, ಕಿವಿಯಲ್ಲಿ ಕಜ್ಜಿಯುಳ್ಳದ್ದು, ಪಾದಗಳು ಹುಣ್ಣಾದದ್ದು, ಇವು ಮೊದಲು ವಾಸಿಯಾಗಲಿ.

3. ಬಿಸಿಲೂ ಬೆಳಕೂ. ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಸುತ್ತಲಿನ ಬಯಲಿನಲ್ಲಿ ಏಪ್ರಿಲ್, ಮೇ ತಿಂಗಳುಗಳ ಬಿಸಿಲು ಕಠಿಣವಾದದ್ದು. ತಗಡಿನ ಕೆಳಗಿರುವ ಗೂಡಿನಲ್ಲಿ ಹೆಣ್ಣು ಬೆದೆಗೆ ಬಾರದು. ಗಂಡಿನ ಬೀಜವೂ ಸೆಕೆಯಿಂದ ಕೆಟ್ಟು, ತಿರಿಗಿ ಸರಿಯಾಗಲು ಸುಮಾರು ಎರಡು ತಿಂಗಳು ಹಿಡಿಯುವುದು. ಗೂಡನ್ನು ಹೊಂಗೆಯ ಅಥವಾ ಬೇವಿನ ನೆರಳಿನಲ್ಲಿಟ್ಟು, ಮಾಡಿಗೆ ಗರಿ ಹೊದಿಸಿ, ಪಕ್ಕಕ್ಕೆ ಒದ್ದೆ ಗೋಣಿಯನ್ನು ಇಳಿಬಿಡಿರಿ. ಚಳಿಗಾಲದಲ್ಲಿ ಹಗಲು ಕಿರಿದಾಗುವುದರಿಂದಲೂ ಹೆಣ್ಣು ಮನಸ್ಸು ಮಾಡುವುದಿಲ್ಲ. ಆಗ ಸಂಜೆ ದೀಪವಿಟ್ಟು ದಿನಕ್ಕೆ 14 ಗಂಟೆಗಳ ಬೆಳಕು ಸಿಗುವಂತೆ ಮಾಡಿದರೆ ಪ್ರಯೋಜನವಾಗುವುದು.

4. ಕೂಡಿಸುವ ಕ್ರಮ. ಯಾವಾಗಲೂ ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯಬೇಕು. ಗಂಡನ್ನು ಹೆಣ್ಣಿನ ಗೂಡಿಗೆ ಬಿಡಬಾರದು. ಯಾಕಂದರೆ ಹೆಣ್ಣು ತನ್ನ ಸ್ಥಳವನ್ನು ಕಾಯುವುದಕ್ಕಾಗಿ ಗಂಡನ್ನು ಕಚ್ಚಿ ಪರಚುವುದು. ಬೆಳಗಿನ ಅಥವಾ ಸಂಜೆಯ ತಂಪು ಹೊತ್ತು ಉತ್ತಮ. ಒಪ್ಪಿದ ಹೆಣ್ಣು ಹಿಂಭಾಗವನ್ನು ಎತ್ತಿ ನಿಲ್ಲುವುದು. ಗಂಡು ಕೂಡಿದ ಮೇಲೆ ಒಂದು ಪಕ್ಕಕ್ಕೆ ಬೀಳುವುದು. ಹೆಣ್ಣು ಮೂಲೆಯಲ್ಲಿ ಮುದುರಿಕೊಂಡರೆ ಅಥವಾ ಗುರುಗುಟ್ಟಿದರೆ ಬಲವಂತ ಮಾಡದೆ ಹೊರಗೆ ತೆಗೆದು, ಒಂದೆರಡು ದಿನ ಬಿಟ್ಟು ಪುನಃ ಪ್ರಯತ್ನಿಸಿರಿ. ಒಂದು ರಾತ್ರಿ ಇವೆರಡರ ಗೂಡುಗಳನ್ನು ಅದಲುಬದಲು ಮಾಡಿದರೆ, ಗಂಡಿನ ವಾಸನೆಗೆ ಹೊಂದಿಕೊಂಡು ಮರುದಿನ ಹೆಣ್ಣು ಒಪ್ಪುವುದುಂಟು.

5. ಗಬ್ಬವೂ ಸುಳ್ಳು ಗಬ್ಬವೂ. ಒಪ್ಪದ ಹೆಣ್ಣು ಈಗಾಗಲೇ ಗಬ್ಬವಾಗಿರಬಹುದು. 12-14ನೆಯ ದಿನ ಹೊಟ್ಟೆಯನ್ನು ಮೃದುವಾಗಿ ಮುಟ್ಟಿ ನೋಡಿದರೆ ಅನುಭವಸ್ಥರಿಗೆ ತಿಳಿಯುವುದು. ಗಬ್ಬದ ಕಾಲವು ಸುಮಾರು 31 ದಿನ. 28ನೆಯ ದಿನ ಹುಲ್ಲು ಹಾಸಿದ ಮರಿಪೆಟ್ಟಿಗೆಯನ್ನು ಇಡತಕ್ಕದ್ದು. ಗಬ್ಬವಿಲ್ಲದೆಯೂ 16-18 ದಿನಗಳಲ್ಲಿ ತುಪ್ಪಳ ಕಿತ್ತು ಗೂಡು ಕಟ್ಟಿದರೆ ಅದು ಸುಳ್ಳು ಗಬ್ಬ. ಅದು ಮುಗಿದ ಕೂಡಲೇ ಹೆಣ್ಣು ಸಾಮಾನ್ಯವಾಗಿ ಒಪ್ಪುವುದು.

ಮರಿಗಳನ್ನು ಹೆಚ್ಚಿಸುವ ಮೊದಲು ಕೊಳ್ಳುವವರನ್ನೂ ಗೊತ್ತುಮಾಡಿಕೊಳ್ಳಬೇಕು. ಅಲೀಪುರದಲ್ಲಿ ಷಿಯಾ ಮುಸಲ್ಮಾನರೇ ಹೆಚ್ಚು. ಅವರ ಶಾಸ್ತ್ರದಲ್ಲಿ ಮೊಲದ ಮಾಂಸವು ನಿಷಿದ್ಧ. ಮೋಶೆಯ ಧರ್ಮಶಾಸ್ತ್ರವೂ ಮೊಲವನ್ನು ಅಶುದ್ಧವೆಂದು ಎಣಿಸಿತು. ಯೊಪ್ಪದಲ್ಲಿ ಪೇತ್ರನಿಗೆ ದರ್ಶನವಾದಂದಿನಿಂದ ನಮಗೆ ಆ ನಿರ್ಬಂಧವಿಲ್ಲ. ಆದರೂ ನಮ್ಮ ಸ್ವಾತಂತ್ರ್ಯವು ನೆರೆಯವರ ಮನಸ್ಸನ್ನು ನೋಯಿಸಬಾರದು. ಆದಕಾರಣ ಬೇರೆ ಊರಿನ ಗಿರಾಕಿಗಳನ್ನು ಹುಡುಕುವುದು ಪ್ರೀತಿಗೂ ವಿವೇಕಕ್ಕೂ ತಕ್ಕದ್ದು. ಕಾಡು ಮೊಲವನ್ನಂತೂ ಹಿಡಿಯಬಾರದು. 1972ನೆಯ ವನ್ಯಜೀವಿ ಕಾಯಿದೆಯು ಅದನ್ನು ಕಾಯುತ್ತದೆ; ಅದು ಸಾಕುಮೊಲದೊಡನೆ ಸೇರಿ ಮರಿಹಾಕುವ ಜಾತಿಯೂ ಅಲ್ಲ.

ಪ್ರಿಯ ವಾಚಕರೇ, ಇನ್ನೊಂದು ಮಾತು. ಬೇಸಿಗೆಯಲ್ಲಿ ಗಂಡಿನ ಬೀಜ ಕೆಟ್ಟಿರುವಾಗಲೂ ಜನರು ದೂರುವುದು ಹೆಣ್ಣನ್ನೇ. ನಮ್ಮ ಬೀದಿಗಳಲ್ಲಿ ಅದೇ ಕಠಿಣ ಮಾತು ಎಷ್ಟೋ ಸಹೋದರಿಯರ ಮೇಲೆಯೂ ವಿಚಾರಣೆಯಿಲ್ಲದೆ ಬೀಳುತ್ತದೆ. ಹನ್ನಳು ಪೆನಿನ್ನಳಿಂದ ಪಟ್ಟ ನೋವನ್ನು ಕರ್ತನು ಕಂಡನು. ಹಿತ್ತಲಿನ ಮೊಲದ ವಿಷಯದಲ್ಲಿ ಕಾರಣವನ್ನು ಹುಡುಕಿ ಕಾದುಕೊಳ್ಳುವುದನ್ನು ಕಲಿತವರು, ಮನೆಯ ಸೊಸೆಯ ವಿಷಯದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಾಗಿ ನಾಲಿಗೆಯನ್ನು ಬಿಗಿಹಿಡಿಯಬೇಕಲ್ಲವೇ?