ಸಣ್ಣ ಅರಗಳು: ಮನೆಗೆಲಸಕ್ಕೂ ಹವ್ಯಾಸಕ್ಕೂ ಒಂದು ಕಿರುಪಾಠ

ಬಹುಪಾಲು ಮನೆಗಳಲ್ಲಿ ಒಂದು ಸುತ್ತಿಗೆ, ಒಂದು ಇಕ್ಕಳ, ಒಂದೆರಡು ತಿರುಪುಳಿಗಳು ಇದ್ದೇ ಇರುತ್ತವೆ. ಇವುಗಳ ಜೊತೆಯಲ್ಲಿ ಒಂದು ಅರವನ್ನೂ ಇಟ್ಟುಕೊಳ್ಳುವವರು ವಿರಳ. ಹೊಸ ಚಿಲಕದ ನಾಲಿಗೆಯು ಚೌಕಟ್ಟಿನ ರಂಧ್ರಕ್ಕೆ ಕೂದಲೆಳೆಯಷ್ಟು ತಾಗಿ ನಿಂತಾಗ, ಕತ್ತರಿಸಿದ ತಗಡಿನ ಅಂಚು ಕೈಯನ್ನು ಗೀರಿದಾಗ, ತುರಿಮಣೆಯ ಹಲ್ಲುಗಳು ಮೊಂಡಾದಾಗ ನೆರವಾಗುವ ಉಪಕರಣ ಇದೊಂದೇ. ಇದರ ಬಳಕೆಯನ್ನು ಅರಿತವರು ಎಸೆಯಬೇಕಾಗಿದ್ದ ಎಷ್ಟೋ ವಸ್ತುಗಳನ್ನು ಉಳಿಸಿಕೊಳ್ಳಬಲ್ಲರು.

ಅರವು ಲೋಹವನ್ನು ಪುಡಿಯಾಗಿ ಕೆರೆದು ತೆಗೆಯುತ್ತದೆ. ಹೀಗೆ ತೆಗೆದ ಲೋಹವನ್ನು ಮರಳಿ ಸೇರಿಸುವ ಉಪಾಯವಿಲ್ಲ. ಆದುದರಿಂದ ಸ್ವಲ್ಪ ಉಜ್ಜುವುದು, ಕೂಡಿಸಿ ನೋಡುವುದು, ಮತ್ತೆ ಸ್ವಲ್ಪ ಉಜ್ಜುವುದು ಎಂಬ ಕ್ರಮವೇ ಈ ಪಾಠದ ಸಾರ.

ಹೆಸರು ಮತ್ತು ಹಿನ್ನೆಲೆ

ಕನ್ನಡದ ‘ಅರ’ ಮತ್ತು ತಮಿಳಿನ ‘ಅರಂ’ ಒಂದೇ ಮೂಲದ ಪದಗಳು. ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗರು ಹಾರ್ಡ್‌ವೇರ್ ಅಂಗಡಿಯಲ್ಲಿ ಈ ಒಂದು ಪದದಿಂದಲೇ ವ್ಯವಹರಿಸಬಹುದು. ಉಪ್ಪುಕಾಗದದ ವಿಷಯವೂ ಹಾಗೆಯೇ. ಇಂದಿನ ವರ್ಕ್‌ಶಾಪುಗಳಲ್ಲಿ ‘ಫೈಲು’ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಬಡಗಿಗಳು ಮಾತ್ರ ಈಗಲೂ ಗರಗಸಕ್ಕೆ ‘ಅರ ಹಾಕುವುದು’ ಎನ್ನುತ್ತಾರೆ.

ಈ ಉಪಕರಣಕ್ಕೂ ಚೆನ್ನೈ ನಗರಕ್ಕೂ ನಿಕಟವಾದ ಸಂಬಂಧವಿದೆ. ಪೆರಂಬೂರಿನ ರೈಲ್ವೆ ಬೋಗಿ ಕಾರ್ಖಾನೆ 1955ರಲ್ಲಿಯೂ, ಗಿಂಡಿಯ ಕೈಗಾರಿಕಾ ವಸಾಹತು 1958ರಲ್ಲಿಯೂ ಆರಂಭವಾದವು. ಇಂತಹ ಕಾರ್ಖಾನೆಗಳಿಗೆ ಕುಶಲ ಕೆಲಸಗಾರರನ್ನು ಒದಗಿಸುವ ಐ.ಟಿ.ಐ.ಗಳು ಕೇಂದ್ರ ಸರ್ಕಾರದ 1950ರ ಕುಶಲಕರ್ಮಿ ತರಬೇತಿ ಯೋಜನೆಯಿಂದ ಬೆಳೆದುಬಂದವು. ಅವುಗಳಲ್ಲಿ ಫಿಟ್ಟರ್ ವೃತ್ತಿಯನ್ನು ಕಲಿಯುವ ವಿದ್ಯಾರ್ಥಿಗೆ ದೊರೆಯುವ ಮೊದಮೊದಲ ಅಭ್ಯಾಸಗಳಲ್ಲಿ ಒಂದು, ಲೋಹದ ತುಂಡನ್ನು ಅರದಿಂದ ಸಮತಟ್ಟುಗೊಳಿಸುವುದು. ಯಂತ್ರಗಳು ಎಷ್ಟೇ ಮುಂದುವರಿದಿದ್ದರೂ ಈ ಅಭ್ಯಾಸವನ್ನು ಕೈಬಿಟ್ಟಿಲ್ಲ. ಒಂದು ಮೇಲ್ಮೈ ಸಮವಾಗಿದೆಯೇ ಇಲ್ಲವೇ ಎಂಬುದನ್ನು ಕಣ್ಣಿಗೂ ಕೈಗೂ ಏಕಕಾಲದಲ್ಲಿ ಕಲಿಸುವುದು ಅದೇ.

ಸಣ್ಣ ಅರಗಳ ಬಗೆಗಳು

ಹವ್ಯಾಸಿಗಳಿಗೆ ತಕ್ಕವು ‘ಸೂಜಿ ಅರ’ಗಳು. ಅಂಗಡಿಯಲ್ಲಿ ಇವನ್ನು ‘ನೀಡಲ್ ಫೈಲ್’ ಎಂದು ಕೇಳಬೇಕು. ಸಾಮಾನ್ಯವಾಗಿ 140, 160 ಅಥವಾ 180 ಮಿಲಿಮೀಟರ್ ಉದ್ದವಿರುವ ಇವು 6, 10 ಅಥವಾ 12ರ ಕಟ್ಟುಗಳಲ್ಲಿ ದೊರೆಯುತ್ತವೆ. ಚಿನ್ನಬೆಳ್ಳಿಯ ಕೆಲಸಗಾರರು ಆಭರಣಗಳ ಸೂಕ್ಷ್ಮ ಸಂದುಗಳನ್ನು ತೀಡಲು ಇಂತಹ ಅರಗಳನ್ನೇ ಉಪಯೋಗಿಸುತ್ತಾರೆ. ಉದುರಿದ ಚಿನ್ನದ ಪುಡಿಯನ್ನು ಒಂದು ಕಣವೂ ಪೋಲಾಗದಂತೆ ಸಂಗ್ರಹಿಸುತ್ತಾರೆ.

ಮೊದಲಿಗೆ ಐದು ಆಕಾರಗಳು ಸಾಕು. ಚಪ್ಪಟೆ ಅರವು ಸಮತಲಕ್ಕೂ ನೇರ ಅಂಚಿಗೂ ಬೇಕು. ಗುಂಡನೆಯ ಅರವು ರಂಧ್ರವನ್ನು ಹಿಗ್ಗಿಸಲು ಉಪಯುಕ್ತ. ಅರ್ಧವೃತ್ತದ ಅರವು ಒಳಬಾಗಿದ ಅಂಚುಗಳಿಗೆ, ಚೌಕದ ಅರವು ಚೌಕ ರಂಧ್ರಗಳಿಗೆ, ಮುಮ್ಮೂಲೆಯ ಅರವು ಇಕ್ಕಟ್ಟಾದ ಮೂಲೆಗಳಿಗೂ ಗರಗಸದ ಹಲ್ಲುಗಳಿಗೂ ಸಲ್ಲುತ್ತದೆ.

ಹಲ್ಲುಗಳಲ್ಲಿಯೂ ಭೇದವುಂಟು. ಒಂದೇ ದಿಕ್ಕಿನ ಗೆರೆಗಳುಳ್ಳ ಅರವು ನಯವಾದ ಮೈಯನ್ನು ಕೊಡುತ್ತದೆ. ಎರಡು ದಿಕ್ಕಿನ ಗೆರೆಗಳು ಒಂದನ್ನೊಂದು ಹಾಯ್ದಿರುವ ಅರವು ಲೋಹವನ್ನು ಬೇಗನೆ ತೆಗೆಯುತ್ತದೆ. ಗಾಜು, ಪಿಂಗಾಣಿ ಮತ್ತು ಹದಕೊಟ್ಟ ಉಕ್ಕಿನ ಮೇಲೆ ಸಾಮಾನ್ಯ ಅರವು ನಡೆಯದು; ಅವುಗಳಿಗೆ ವಜ್ರದ ಹರಳುಪುಡಿಯನ್ನು ಲೇಪಿಸಿದ ಅರಗಳು ಬೇಕಾಗುತ್ತವೆ.

ಹಿಡಿಯುವ ಮತ್ತು ಉಜ್ಜುವ ಕ್ರಮ

ಕೆಲಸದ ವಸ್ತುವನ್ನು ವೈಸ್‌ನಲ್ಲಿ ಬಿಗಿಯಾಗಿ ಕೂರಿಸಬೇಕು. ವೈಸ್‌ನ ದವಡೆಯು ನಿಂತವನ ಮೊಣಕೈಯ ಎತ್ತರಕ್ಕೆ ಇರುವುದು ಅನುಕೂಲ. ಸೂಕ್ಷ್ಮ ಕೆಲಸಕ್ಕೆ ಇನ್ನೂ ಸ್ವಲ್ಪ ಮೇಲಿರಬಹುದು. ಹಿತ್ತಾಳೆ, ಅಲ್ಯುಮಿನಿಯಂ ಮುಂತಾದ ಮೃದು ಲೋಹಗಳಿಗೆ ಗಾಯವಾಗದಂತೆ ದವಡೆಗಳಿಗೆ ದಪ್ಪ ರಟ್ಟನ್ನು ಕೊಡತಕ್ಕದ್ದು.

ಅರದ ಹಲ್ಲುಗಳು ಮುಂದಕ್ಕೆ ಬಾಗಿರುವುದರಿಂದ ಅದು ಮುಂದಕ್ಕೆ ತಳ್ಳುವಾಗ ಮಾತ್ರ ಲೋಹವನ್ನು ಕೆರೆಯುತ್ತದೆ. ಹಿಂದಕ್ಕೆ ಎಳೆಯುವಾಗ ಒತ್ತಡವನ್ನು ಪೂರ್ಣವಾಗಿ ಬಿಡಬೇಕು. ಎರಡೂ ಕಡೆಗೆ ಒತ್ತಿ ಉಜ್ಜುವವರ ಅರವು ಬೇಗನೆ ಮೊಂಡಾಗುತ್ತದೆ. ದೊಡ್ಡ ಅರವನ್ನು ನಿಮಿಷಕ್ಕೆ ಸುಮಾರು 40ರಿಂದ 50 ಸಲ ನಡೆಸುವುದು ವಾಡಿಕೆ. ಸೂಜಿ ಅರಕ್ಕೆ ಇದಕ್ಕಿಂತ ನಿಧಾನವೂ ಹಗುರವಾದ ಕೈಯೂ ಬೇಕು. ಹೆಚ್ಚು ಒತ್ತಿದರೆ ಅದು ಬಾಗದೆ ಮುರಿದೇ ಹೋಗುತ್ತದೆ.

ಮುಂದಕ್ಕೆ ತಳ್ಳುವಾಗ ಕೈ ತೂಗಾಡಿದರೆ ಮೇಲ್ಮೈಯ ನಡುಭಾಗ ಉಬ್ಬಿ ಅಂಚುಗಳು ತಗ್ಗುತ್ತವೆ. ಹೊಸಬರೆಲ್ಲರೂ ಮಾಡುವ ತಪ್ಪು ಇದು. ಆಗಾಗ ಮೂಲೆಮಟ್ಟವನ್ನು ಇಟ್ಟು ಬೆಳಕಿಗೆ ಹಿಡಿದು ನೋಡಿದರೆ ಉಬ್ಬು ಎಲ್ಲಿದೆಯೆಂಬುದು ತಿಳಿಯುತ್ತದೆ.

ಅಭ್ಯಾಸ ಒಂದು: ತುರಿಮಣೆ

ಹಳೆಯ ಕಬ್ಬಿಣದ ತುರಿಮಣೆಯು ಆರಂಭದ ಅಭ್ಯಾಸಕ್ಕೆ ಉತ್ತಮ. ಅದರ ಎರಡು ಹಲ್ಲುಗಳ ನಡುವಣ ಸಂದಿನಲ್ಲಿ ಮುಮ್ಮೂಲೆಯ ಅರವನ್ನು ಇಟ್ಟು ಒಂದೇ ದಿಕ್ಕಿನಲ್ಲಿ ಮೂರು ಸಲ ತಳ್ಳಬೇಕು. ಎಲ್ಲ ಸಂದುಗಳಿಗೂ ಮೂರೇ ಸಲ. ಎಣಿಕೆ ತಪ್ಪಿದರೆ ಹಲ್ಲುಗಳು ಏರುಪೇರಾಗುತ್ತವೆ. ಒಂದು ಸುತ್ತು ಮುಗಿದ ಮೇಲೆ ಕಾಯಿಯನ್ನು ತುರಿದು ಪರೀಕ್ಷಿಸುವುದಕ್ಕೆ ಮೊದಲು ಮಣೆಯನ್ನು ಚೆನ್ನಾಗಿ ತೊಳೆದು ಒರೆಸಬೇಕು. ಕಬ್ಬಿಣದ ಪುಡಿ ಆಹಾರದಲ್ಲಿ ಸೇರಕೂಡದು.

ಅಭ್ಯಾಸ ಎರಡು: ಸ್ವಿಚ್ಚಿಗೆ ಕಿಂಡಿ

ಚೆನ್ನೈಯ ರಿಚೀ ಸ್ಟ್ರೀಟ್ ಇಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಹೆಸರಾದ ಪೇಟೆ. ಅಲ್ಲಿಂದ ಅಲ್ಯುಮಿನಿಯಂ ಡಬ್ಬಿಯನ್ನೂ ಸ್ವಿಚ್ಚನ್ನೂ ತಂದವರು ಎದುರಿಸುವ ಮೊದಲ ಪ್ರಶ್ನೆ, ಡಬ್ಬಿಯಲ್ಲಿ ಆಯಾಕಾರದ ಕಿಂಡಿಯನ್ನು ಮಾಡುವುದು ಹೇಗೆ ಎಂಬುದು. ಕಿಂಡಿಯ ಅಳತೆ 19 × 13 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ.

ಮೊದಲು ಮೊನಚಾದ ಮೊಳೆಯಿಂದ ಈ ಅಳತೆಯ ಗೆರೆಗಳನ್ನು ಗೀರಬೇಕು. ಗೆರೆಯಿಂದ 2.5 ಮಿಲಿಮೀಟರ್ ಒಳಗೆ, ಸುತ್ತಲೂ ಸಾಲಾಗಿ 3 ಮಿಲಿಮೀಟರ್ ವ್ಯಾಸದ ರಂಧ್ರಗಳನ್ನು ಡ್ರಿಲ್ಲಿನಿಂದ ಕೊರೆಯಬೇಕು. ಹೀಗೆ ಮಾಡಿದಾಗ ರಂಧ್ರದ ಅಂಚಿಗೂ ಗೆರೆಗೂ ನಡುವೆ 1 ಮಿಲಿಮೀಟರ್ ಲೋಹ ಉಳಿಯುತ್ತದೆ. ಈ ಒಂದು ಮಿಲಿಮೀಟರೇ ಅರದ ಪಾಲಿನ ಕೆಲಸ. ರಂಧ್ರಗಳ ನಡುವಣ ತೆಳು ಲೋಹವನ್ನು ಕತ್ತರಿಸಿ ನಡುವಿನ ತುಂಡನ್ನು ತೆಗೆದ ಬಳಿಕ ಚಪ್ಪಟೆ ಅರದಿಂದ ಗೆರೆಯವರೆಗೆ ಉಜ್ಜಬೇಕು. ಮೂಲೆಗಳನ್ನು ಚೌಕದ ಅರದಿಂದ ಬಿಡಿಸಬೇಕು. ಗೆರೆ ಸಮೀಪಿಸಿದಂತೆ ಐದಾರು ಸಲ ಉಜ್ಜಿದ ಮೇಲೆ ಒಮ್ಮೆ ಸ್ವಿಚ್ಚನ್ನು ಕೂರಿಸಿ ನೋಡತಕ್ಕದ್ದು. ಕೊನೆಯಲ್ಲಿ ಡಬ್ಬಿಯೊಳಗಿನ ಲೋಹದ ಪುಡಿಯನ್ನು ಬ್ರಷ್ಷಿನಿಂದ ಸಂಪೂರ್ಣವಾಗಿ ತೆಗೆಯಬೇಕು. ಒಂದು ಚೂರು ಉಳಿದರೂ ಶಾರ್ಟ್ ಸರ್ಕ್ಯೂಟ್ ಆಗಬಹುದು. ಮನೆಯ ವಿದ್ಯುತ್ತನ್ನು ಜೋಡಿಸುವ ಲೋಹದ ಡಬ್ಬಿಗೆ ಅರ್ಥಿಂಗ್ ಕಡ್ಡಾಯ.

ಒಂದು ಅನುಭವ

ಕೂಡಿಸಿ ನೋಡುವ ತಾಳ್ಮೆಯ ಬೆಲೆಯನ್ನು ಈ ಲೇಖಕನು ಕಲಿತದ್ದು ಒಂದು ಕೀಲಿಕೈಯಿಂದ. ಮನೆಯ ಬೀರುವಿಗೆ ಮಾಡಿಸಿ ತಂದ ಎರಡನೆಯ ಕೀಲಿಕೈ ಬೀಗದಲ್ಲಿ ಸ್ವಲ್ಪ ಬಿಗಿಯಾಗಿತ್ತು. ಎರಡು ಸಲ ಉಜ್ಜಿದ್ದರೆ ಸಾಕಾಗಿತ್ತು. ಆತುರದಿಂದ ಹತ್ತು ಸಲ ಉಜ್ಜಿದ್ದಾಯಿತು. ಹಲ್ಲು ಸವೆದ ಕೀಲಿಕೈ ಬೀಗದೊಳಗೆ ಸುಮ್ಮನೆ ಸುತ್ತತೊಡಗಿತು. ಕೆಲವು ತಿಂಗಳ ನಂತರ ಮೊದಲ ಕೀಲಿಕೈ ಕಳೆದುಹೋದಾಗ ಬೀಗವನ್ನೇ ಒಡೆಸಬೇಕಾಯಿತು. ಉಜ್ಜಿದ ಕಾಲ ಅರ್ಧ ನಿಮಿಷವೂ ಇರಲಿಲ್ಲ.

ಎಚ್ಚರಿಕೆಗಳು

ದೊಡ್ಡ ಅರದ ಹಿಂಬದಿಯಲ್ಲಿ ಚೂಪಾದ ಬಾಲವಿರುತ್ತದೆ. ಅದಕ್ಕೆ ಹಿಡಿಯನ್ನು ಹಾಕದೆ ಕೆಲಸ ಮಾಡಕೂಡದು. ಅರವು ತಟಕ್ಕನೆ ತಡೆದು ನಿಂತರೆ ಬಾಲವು ಅಂಗೈಗೆ ನಾಟುತ್ತದೆ. ಅರವನ್ನು ಮೀಟುಗೋಲಿನಂತೆ ಬಳಸಬಾರದು, ಅದರ ಮೇಲೆ ಸುತ್ತಿಗೆಯಿಂದ ಹೊಡೆಯಬಾರದು. ಗಡುಸಾದ ಉಕ್ಕು ಸಿಡಿದು ಕಣ್ಣಿಗೆ ಅಪಾಯವಾದೀತು. ಪುಡಿಯನ್ನು ಬಾಯಿಂದ ಊದಬಾರದು, ಕೈಯಿಂದ ಒರೆಸಬಾರದು, ಬ್ರಷ್ಷನ್ನೇ ಉಪಯೋಗಿಸಬೇಕು. ಇಲೆಕ್ಟ್ರಾನಿಕ್ ಸರ್ಕ್ಯೂಟ್ ಹಲಗೆಗಳಲ್ಲಿ ಗಾಜಿನ ಎಳೆಗಳಿರುವುದರಿಂದ ಅವನ್ನು ಉಜ್ಜುವಾಗ ಮೂಗುಬಾಯಿಗಳಿಗೆ ಮುಖಗವಸನ್ನೂ ಕಣ್ಣಿಗೆ ಕನ್ನಡಕವನ್ನೂ ಧರಿಸಬೇಕು.

ಅರಗಳ ರಕ್ಷಣೆ

ಅಲ್ಯುಮಿನಿಯಂನಂತಹ ಮೃದು ಲೋಹವು ಹಲ್ಲುಗಳ ಸಂದಿನಲ್ಲಿ ಸಿಕ್ಕಿಕೊಂಡು ಕೆಲಸದ ಮೈಯನ್ನು ಗೀರುತ್ತದೆ. ಉಜ್ಜುವ ಮೊದಲು ಅರಕ್ಕೆ ಸೀಮೆಸುಣ್ಣವನ್ನು ಸವರಿದರೆ ಈ ತೊಂದರೆ ಕಡಮೆಯಾಗುತ್ತದೆ. ಸಿಕ್ಕಿಕೊಂಡ ಚೂರುಗಳನ್ನು ತಂತಿಯ ಬ್ರಷ್ಷಿನಿಂದ ಹಲ್ಲಿನ ಗೆರೆಗಳ ಜಾಡಿನಲ್ಲಿಯೇ ತೆಗೆಯಬೇಕು.

ಚೆನ್ನೈಯಂತಹ ಕಡಲತೀರದ ನಗರಗಳಲ್ಲಿ ಉಪ್ಪುಗಾಳಿಯಿಂದಲೂ, ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರು ಮಳೆಯ ತೇವದಿಂದಲೂ ಅರಗಳಿಗೆ ಬೇಗನೆ ತುಕ್ಕು ಹಿಡಿಯುತ್ತದೆ. ಬೆವರು ತಾಗಿದ ಅರವನ್ನು ಒರೆಸಿ ಒಣಗಿಸಿ, ಒಂದಕ್ಕೊಂದು ತಾಗದಂತೆ ಬಟ್ಟೆಯ ಮಡಿಕೆಗಳಲ್ಲಿ ಪ್ರತ್ಯೇಕವಾಗಿ ಸುತ್ತಿಡಬೇಕು. ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಸುರಿದಿಟ್ಟರೆ ಅವುಗಳ ಹಲ್ಲುಗಳು ಪರಸ್ಪರ ಸವೆಯುತ್ತವೆ.

ಸರಿಯಾಗಿ ನೋಡಿಕೊಂಡರೆ ಒಂದು ಕಟ್ಟು ಸೂಜಿ ಅರಗಳು ಹವ್ಯಾಸಿಗೆ ಅನೇಕ ವರ್ಷ ಬಾಳಿಕೆ ಬರುತ್ತವೆ. ಮನೆಯ ಮಕ್ಕಳು ಹಿರಿಯರ ಸಮ್ಮುಖದಲ್ಲಿ ಒಂದು ಹಿತ್ತಾಳೆಯ ತುಂಡನ್ನು ಚೌಕವಾಗಿಸುವುದರಿಂದ ಈ ಕೆಲಸವನ್ನು ಆರಂಭಿಸಲಿ. ಆ ತುಂಡಿನ ನಾಲ್ಕು ಮೂಲೆಗಳೂ ಮೂಲೆಮಟ್ಟಕ್ಕೆ ಸರಿಹೊಂದಿದ ದಿನ ತುರಿಮಣೆಯನ್ನೂ ಅವರ ಕೈಗೆ ಒಪ್ಪಿಸಬಹುದು.