ಮಗುವನ್ನು ನೋಡದ ತಾಯಿ



ಹೊಸದಾಗಿ ತಾಯಿಯಾದವಳ ಮುಖ ಹೇಗಿರಬೇಕು ಎಂದು ಕೇಳಿದರೆ ನಾವೆಲ್ಲರೂ ಹೇಳುವುದು ಒಂದೇ: ನಗುನಗುತ್ತಾ ಇರಬೇಕು. ನಮ್ಮ ಮನೆಗಳಲ್ಲಿರುವ ಅನೇಕ ಚಿತ್ರಗಳಲ್ಲಿ ಮಾತೆ ಮರಿಯಮ್ಮನವರೂ ಬಾಲಯೇಸುವನ್ನೇ ಅಕ್ಕರೆಯಿಂದ ನೋಡುತ್ತಿರುತ್ತಾರೆ. ಆದರೆ ಬೆಲ್ಜಿಯಂ ದೇಶದ ಬ್ರೂಜ್ ನಗರದಲ್ಲಿ, ದೇವಮಾತೆಗೆ ಅರ್ಪಿತವಾದ ದೇವಾಲಯವೊಂದರಲ್ಲಿ, ಬೇರೆಯೇ ತೆರನಾದ ಒಂದು ಅಮೃತಶಿಲೆಯ ಪ್ರತಿಮೆಯಿದೆ.

1504ರ ಸುಮಾರಿಗೆ ಅದನ್ನು ಕೆತ್ತಿದವರು ಮೈಕೆಲೆಂಜೆಲೊ. ಆರು ವರ್ಷದ ಬಾಲಕನಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವರು ಅವರು. ಈ ಪ್ರತಿಮೆಯಲ್ಲಿ ಮರಿಯಮ್ಮನವರು ಮಗುವನ್ನು ನೋಡುತ್ತಿಲ್ಲ. ದೃಷ್ಟಿ ಕೆಳಗೆ ಬಾಗಿದೆ, ತುಟಿಯಲ್ಲಿ ನಗುವಿಲ್ಲ. ಬಾಲಯೇಸು ತಾಯಿಯ ಮೊಣಕಾಲುಗಳ ನಡುವೆ ನಿಂತು, ಈಗಲೋ ಆಗಲೋ ಕೆಳಗಿಳಿಯುವಂತೆ ಕಾಣುತ್ತಾರೆ. ಆದರೂ ತಾಯಿಯ ಕೈ ಮಗುವಿನ ಕೈಯನ್ನು ಬಿಟ್ಟಿಲ್ಲ.

ಈ ಭಾರವೇಕೆ? ದೇವಾಲಯದಲ್ಲಿ ವೃದ್ಧ ಸಿಮೆಯೋನರು ಆಡಿದ ಮಾತನ್ನು ನೆನೆಯಿರಿ. ಎಳೆಗೂಸನ್ನು ಎತ್ತಿಕೊಂಡು ಬಂದ ತಾಯಿಗೆ, ನಿನ್ನ ಹೃದಯವನ್ನು ಅಲಗು ತೂರಿಹೋಗುವುದೆಂದು ಅವರು ತಿಳಿಸಿದರು (ಲೂಕ 2:35). ಮುಖದಲ್ಲಿ ಸಂಕಟ, ಕೈಯಲ್ಲಿ ಪ್ರೀತಿ. ಎರಡೂ ಒಬ್ಬಳೇ ತಾಯಿಯಲ್ಲಿ ಇರಬಲ್ಲವು. ಪ್ರತಿಮೆ ನಮಗೆ ಕಲಿಸುವ ಪಾಠ ಇದೇ.

ಹೆರಿಗೆಯಾದ ಕೆಲವೇ ದಿನಗಳಲ್ಲಿ ಅನೇಕ ಬಾಣಂತಿಯರಿಗೆ ಕಾರಣವಿಲ್ಲದೆ ಅಳು ಬರುತ್ತದೆ. ದೇಹದ ಹಾರ್ಮೋನುಗಳ ಏರುಪೇರು, ನಿದ್ರೆಗೇಡು, ನೋವು ಎಲ್ಲವೂ ಸೇರಿ ಮನಸ್ಸು ಕುಗ್ಗುತ್ತದೆ. ಸಾಮಾನ್ಯವಾಗಿ ಇದು ಎರಡು ವಾರದೊಳಗೆ ಕಡಿಮೆಯಾಗುತ್ತದೆ. ಆಗದಿದ್ದರೆ ಅದು ಖಿನ್ನತೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಅಭಿವೃದ್ಧಿಶೀಲ ದೇಶಗಳಲ್ಲಿ ಹೆತ್ತ ತಾಯಂದಿರಲ್ಲಿ ನೂರಕ್ಕೆ ಸುಮಾರು 20 ಮಂದಿ ಇಂಥ ಮಾನಸಿಕ ತೊಂದರೆಗೆ ಒಳಗಾಗುತ್ತಾರೆ. ಇದಕ್ಕೆ ಚಿಕಿತ್ಸೆ ಇದೆ.

ಆದರೆ ನಾವು ಮಾಡುವುದೇನು? ಬಾಣಂತಿಯ ಕೋಣೆಗೆ ಹೋದವರು ಮಗುವನ್ನು ಎತ್ತಿ ಮುದ್ದಾಡಿ, ಯಾರ ಹಾಗಿದೆ ಎಂದು ಹೇಳಿ ಹೊರಟುಬಿಡುತ್ತೇವೆ. ಅತ್ತರೆ, “ದೇವರು ಚಿನ್ನದಂಥ ಮಗು ಕೊಟ್ಟಿದ್ದಾನೆ, ಅಳಬಾರದು” ಎನ್ನುತ್ತೇವೆ. ಆಗ ಅವಳು ತನ್ನ ಪ್ರೀತಿಯಲ್ಲೂ ವಿಶ್ವಾಸದಲ್ಲೂ ಏನೋ ಕೊರತೆಯಿದೆ ಎಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತಾಳೆ.

ಗಂಡನಾದವರು ರಾತ್ರಿ ಒಂದು ಹೊತ್ತು ಮಗುವನ್ನು ನೋಡಿಕೊಂಡು ಅವಳಿಗೆ ನಿದ್ರೆ ಮಾಡಲು ಬಿಡಿ. ತಾಯಂದಿರೇ, ಅತ್ತೆಯಂದಿರೇ, “ನಿನಗೆ ಹೇಗಿದೆ ಮಗಳೇ?” ಎಂದು ಕೇಳಿ, ಉತ್ತರ ಕೇಳುವಷ್ಟು ಹೊತ್ತು ಕುಳಿತುಕೊಳ್ಳಿ. ಬೇಸರ ಎರಡು ವಾರ ದಾಟಿದರೆ ವೈದ್ಯರ ಬಳಿ ಕರೆದೊಯ್ಯಿರಿ. ತನಗಾಗಲಿ ಮಗುವಿಗಾಗಲಿ ಹಾನಿ ಮಾಡಿಕೊಳ್ಳುವ ಮಾತು ಬಂದರೆ ಅವಳನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಹೋಗಿ. ಸಲಹೆಗಾಗಿ ಸರ್ಕಾರದ ಉಚಿತ ಟೆಲಿ ಮಾನಸ್ ಸಂಖ್ಯೆ 14416 ಇದೆ. ಪ್ರಾರ್ಥನೆಯನ್ನೂ ಬಿಡಬೇಡಿ, ಔಷಧಿಯನ್ನೂ ಬಿಡಬೇಡಿ.

ಚಿಂತನೆಗೆ: ನಿಮ್ಮ ನೆರೆಹೊರೆಯಲ್ಲಿ ಬಾಣಂತಿ ಇದ್ದಾಳೆಯೇ? ಮುಂದಿನ ಸಲ ಹೋದಾಗ ತೊಟ್ಟಿಲಿಗಿಂತ ಮೊದಲು ಅವಳ ಮುಖ ನೋಡುವಿರಾ?