ಹುಳಿಯಂಬಲಿಯ ಗುಣವಿಚಾರ

ರಾಗಿಯು ನಮ್ಮ ಹಾಸನ ಸೀಮೆಯ ಮುಖ್ಯಾಹಾರವೆಂಬುದು ಸರ್ವರಿಗೂ ವಿದಿತವಾದ ವಿಷಯ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹೊಲಗಳಲ್ಲಿಯೂ, ಹೇಮಾವತಿಯ ಗೊರೂರು ಅಣೆಕಟ್ಟಿನ ಹಿನ್ನೀರಿಗೆ ತನ್ನ ಹಳೆಯ ನೆಲೆಯನ್ನು ಬಿಟ್ಟುಕೊಟ್ಟ ಶೆಟ್ಟಿಹಳ್ಳಿಯ ಸುತ್ತಲೂ ಬೆಳೆಯುವ ಈ ಧಾನ್ಯವನ್ನು ನಮ್ಮ ಹಿರಿಯರು ಮುದ್ದೆಯಾಗಿ ಉಂಡಂತೆಯೇ ಹುಳಿಯಿಸಿ ಅಂಬಲಿಯಾಗಿಯೂ ಕುಡಿಯುತ್ತಿದ್ದರು. ಇಂದು ಅನೇಕ ಮನೆಗಳಲ್ಲಿ ಆ ಗಡಿಗೆಯ ಸ್ಥಳವನ್ನು ಚಹಾ ಮತ್ತು ಬಿಸ್ಕತ್ತು ಆಕ್ರಮಿಸಿವೆ. ಈ ಬದಲಾವಣೆಯಿಂದ ನಮ್ಮ ಹೆಣ್ಣುಮಕ್ಕಳಿಗೆ ಏನು ನಷ್ಟವಾಯಿತೆಂಬುದನ್ನು ವಿಚಾರಿಸೋಣ.

ಮೊದಲು ಹುಳಿಯುವುದೆಂದರೇನೆಂದು ತಿಳಿಯತಕ್ಕದ್ದು. ಫ್ರಾನ್ಸ್ ದೇಶದ ಲೂಯಿ ಪಾಶ್ಚರನು 1857ರಲ್ಲಿ, ಹುಳಿಯುವಿಕೆಯು ಕಣ್ಣಿಗೆ ಕಾಣದ ಜೀವಿಗಳ ಕೆಲಸವೆಂದು ತೋರಿಸಿದನು. ನೆನೆದ ಹಿಟ್ಟಿನಲ್ಲಿ ಈ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುತ್ತವೆ. ಈ ಹುಳಿಯಿಂದಲೇ ಕೆಡಿಸುವ ಅನೇಕ ಕ್ರಿಮಿಗಳು ಬೆಳೆಯಲಾರವು.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವುಂಟು. ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಅದು ಸುಮಾರು 10 ಮಿಲಿಗ್ರಾಂ ಮಾತ್ರ. ಆದರೆ ಧಾನ್ಯದಲ್ಲಿರುವುದೆಲ್ಲವೂ ದೇಹಕ್ಕೆ ದಕ್ಕುವುದಿಲ್ಲ. ರಾಗಿಯಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣ, ಸತುವು, ಸುಣ್ಣಗಳನ್ನು ಕಟ್ಟಿಹಾಕುತ್ತದೆ. ಹಿಟ್ಟು ಹುಳಿಯುವಾಗ ಫೈಟೇಸ್ ಎಂಬ ಕಿಣ್ವವು ಚುರುಕಾಗಿ ಆ ಕಟ್ಟನ್ನು ಸಡಿಲಿಸುತ್ತದೆ. ಇದು ಸಣ್ಣ ಸಂಗತಿಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳ ಪೈಕಿ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರು.

ಇನ್ನು ಕರುಳಿನ ವಿಷಯ. ನಮ್ಮ ದೊಡ್ಡ ಕರುಳಿನಲ್ಲಿ ಅಸಂಖ್ಯಾತ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ನಾವು ಜೀರ್ಣಿಸಲಾರದ ನಾರೇ ಅವುಗಳಿಗೆ ಊಟ. ಅವು ಅದರಿಂದ ಬ್ಯುಟಿರಿಕ್ ಮೊದಲಾದ ಆಮ್ಲಗಳನ್ನು ಮಾಡಿ ಕರುಳಿನ ಒಳಪದರವನ್ನು ಪೋಷಿಸುತ್ತವೆ. ಆದುದರಿಂದ ಅಂಬಲಿಯನ್ನು ಬೇಯಿಸಿದಾಗ ಅದರ ಜೀವಿಗಳು ಸತ್ತರೂ, ನಾರಿನ ಉಪಕಾರವು ಉಳಿಯುತ್ತದೆ. ಆರಿದ ಮೇಲೆ ಮಜ್ಜಿಗೆಯನ್ನು ಬೆರೆಸಿದರೆ ಸಜೀವ ಸೂಕ್ಷ್ಮಜೀವಿಗಳೂ ದೊರೆಯುತ್ತವೆ. ನಮ್ಮ ಅಜ್ಜಿಯರು ಮಜ್ಜಿಗೆಯನ್ನು ಕಡೆಗೆ ಸೇರಿಸುತ್ತಿದ್ದ ಕ್ರಮವು ಎಷ್ಟು ಯುಕ್ತವಾದುದು!

ರಾಗಿಯ ಕೆಂಪು ಸಿಪ್ಪೆಯಲ್ಲಿ ಫೆರುಲಿಕ್ ಆಮ್ಲವೇ ಮೊದಲಾದ ಆಂಟಿಆಕ್ಸಿಡೆಂಟುಗಳು ಅಧಿಕವಾಗಿವೆ. ಅವುಗಳಲ್ಲಿ ಕೆಲವು ನಾರಿಗೆ ಅಂಟಿಕೊಂಡಿದ್ದು, ಹುಳಿಯುವಾಗ ಕೊಂಚ ಬಿಡುಗಡೆಯಾಗುತ್ತವೆ. ಆದರೆ ಗಾಜಿನ ನಳಿಕೆಯಲ್ಲಿ ಕಂಡ ಬಲವು ದೇಹದಲ್ಲಿಯೂ ಹಾಗೆಯೇ ಕೆಲಸಮಾಡುವುದೆಂದು ಹೇಳಲಾಗದು. ಮೇಲಾಗಿ ಸಿಪ್ಪೆಯ ಒಗರು ಪದಾರ್ಥಗಳಲ್ಲಿ ಕೆಲವು ಕಬ್ಬಿಣವನ್ನೂ ತಡೆಯುತ್ತವೆ. ಆದುದರಿಂದ ಅಂಬಲಿಯೊಡನೆ ನಿಂಬೆಯನ್ನಾಗಲಿ ನೆಲ್ಲಿಯನ್ನಾಗಲಿ ಸೇವಿಸುವುದು ಲೇಸು. ಚಹಾ ಕಾಫಿಗಳನ್ನು ಊಟದಿಂದ ಒಂದು ಗಂಟೆಯಾದರೂ ದೂರವಿಡತಕ್ಕದ್ದು.

ಮಾಡುವ ಕ್ರಮವು ಸುಲಭ. ಒಂದು ಪಾಲು ರಾಗಿಹಿಟ್ಟನ್ನು, ಕುದಿಸಿ ಆರಿಸಿದ ಮೂರು ಪಾಲು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಎರಡು ಚಮಚ ಮಜ್ಜಿಗೆ ಬೆರೆಸಿ, ಶುಚಿಯಾದ ಗಡಿಗೆಯಲ್ಲಿ ರಾತ್ರಿ ಮುಚ್ಚಿಡಬೇಕು. ಬೆಳಗ್ಗೆ ಅದನ್ನು ಕುದಿಯುವ ನೀರಿಗೆ ಸುರಿದು, ಕೈಬಿಡದೆ ತಿರುವಿ, ಚೆನ್ನಾಗಿ ಬೇಯಿಸಬೇಕು. ಆರಿದ ಬಳಿಕ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿಯನ್ನು ಸೇರಿಸಬಹುದು. ಬೂಷ್ಟು ಕಂಡರೆ ಅಥವಾ ದುರ್ಗಂಧ ಬಂದರೆ ಸಂಕೋಚವಿಲ್ಲದೆ ಚೆಲ್ಲತಕ್ಕದ್ದು.

ಅಂಬಲಿಯು ಔಷಧವಲ್ಲ. ಬಿಳಿಚಿಕೊಂಡು ಬೇಗ ಆಯಾಸಪಡುವ ಹುಡುಗಿಯನ್ನು ವೈದ್ಯರಿಗೆ ತೋರಿಸಿ, ಅವರು ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ತಪ್ಪದೆ ನುಂಗಿಸಬೇಕು. ಆದರೆ ನಿತ್ಯದ ಆಹಾರವೇ ದೇಹಕ್ಕೆ ಆಧಾರ. ಅನೇಕ ಮನೆಗಳಲ್ಲಿ ಎಲ್ಲರೂ ಉಂಡ ಮೇಲೆ ಉಳಿದುದು ಹೆಣ್ಣುಮಕ್ಕಳ ಪಾಲಿಗೆ ಬರುವ ರೂಢಿಯು ಇನ್ನೂ ಇದೆ. ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ತಮ್ಮ ಮನೆಗಳಲ್ಲಿ ಈ ರೂಢಿಯನ್ನು ಮುರಿದು, ಶಾಲೆಗೆ ಹೊರಡುವ ಮಗಳಿಗೆ ಮೊದಲ ಲೋಟವನ್ನು ಕೊಡಲೆಂದು ನಾವು ಪ್ರಾರ್ಥಿಸುತ್ತೇವೆ.